ಒಂಬತ್ತನೇ ನಂಬರಿನ ಅವರೆ

ನಿವೃತ್ತರಾದವರಿಗೆ ಜಯನಗರದಲ್ಲಿ ಸನ್ಮಾನಕ್ಕೆ ಬರವಿಲ್ಲ. ಶಾಲು, ಹಾರ, ಹಣ್ಣಿನ ಬುಟ್ಟಿ ಹಿಡಿದು ಕಾಯುವ ಸಂಘಗಳು ಬ್ಲಾಕಿಗೆ ಎರಡಾದರೂ ಇವೆ. ನನ್ನ ಹೆಸರು ಪಂಕಜಾ. ಮೂವತ್ತನಾಲ್ಕು ವರ್ಷ ಅವರೆಯ ಹೊಸ ತಳಿಗಳನ್ನು ಬೆಳೆಸುವ ಕೆಲಸ ಮಾಡಿದವಳು. ಜೆ.ಪಿ. ನಗರದ ನಮ್ಮ ಮನೆಯ ಬೀರುವಿನಲ್ಲಿ ಒಂದು ಇಡೀ ಖಾನೆಯನ್ನು ಈ ಶಾಲುಗಳಿಗೇ ಬಿಟ್ಟುಕೊಟ್ಟಿದ್ದೇನೆ. ಕರೆದವರೆಲ್ಲ ಕೊಡುವ ವಿಷಯ ಒಂದೇ, ಶ್ರದ್ಧೆ ಮತ್ತು ವಿಜ್ಞಾನ. ನಾನು ಹೇಳುವ ಕತೆಯೂ ಒಂದೇ, ದೇವಿಯ ಹತ್ತಿರ ಹೂ ಕೇಳಿದ್ದು.

ಕಳೆದ ಡಿಸೆಂಬರಿನ ಒಂದು ಭಾನುವಾರ ನಾಲ್ಕನೇ ಬ್ಲಾಕಿನ ಹಾಲೊಂದರಲ್ಲಿ ಮತ್ತೆ ಅದನ್ನೇ ಹೇಳಿದೆ. ಮಳೆಯಿಲ್ಲದೆ ಲೋಕ ಒಣಗಿದಾಗ ಬನಶಂಕರಿ ತನ್ನ ಮೈಯಿಂದಲೇ ಸೊಪ್ಪು ತರಕಾರಿ ಹುಟ್ಟಿಸಿ ಜನಕ್ಕೆ ಉಣಿಸಿದಳಂತೆ. ಆ ಕತೆಯನ್ನು ಬಸವನಗುಡಿಯ ನಮ್ಮಜ್ಜಿ ಹೇಳಿ ಹೇಳಿಯೇ ನಾನು ಕೃಷಿ ಓದಲು ಹೋದದ್ದು. ಹೊಲದಲ್ಲಿ ಬೆಳ್ಳಂಬೆಳಗ್ಗೆ ಕೂತು, ಅವರೆಯ ಮೊಗ್ಗನ್ನು ಚಿಮುಟದಿಂದ ಬಿಡಿಸಿ, ಇನ್ನೊಂದು ಗಿಡದ ಪರಾಗ ಮುಟ್ಟಿಸುವಾಗ ಒಂದೊಂದು ಮೊಗ್ಗಿಗೂ ದೇವಿಯ ಒಂದೊಂದು ನಾಮ ಹೇಳುತ್ತಿದ್ದೆ. ನಾಮ ಹೇಳಿದ ಮೊಗ್ಗು ಹೆಚ್ಚು ಕಾಯಿ ಕಚ್ಚುತ್ತದೆಯೇ ಎಂದು ಎರಡು ವರ್ಷ ಎಣಿಸಿ ನೋಡಿದೆ, ಎಳ್ಳಷ್ಟೂ ವ್ಯತ್ಯಾಸ ಬರಲಿಲ್ಲ, ಆದರೂ ನಾಮ ಬಿಡಲಿಲ್ಲ ಎಂದಾಗ ಸಭೆ ನಗುತ್ತದೆ. ಎಲ್ಲ ಸಲವೂ ನಗುತ್ತದೆ.

ಆಮೇಲೆ ಹೂವಿನ ಕತೆ. ಮೊದಲೆಲ್ಲ ಅವರೆಕಾಯಿ ಚಳಿಗಾಲದಲ್ಲಿ ಮಾತ್ರ ಬರುತ್ತಿತ್ತು. ವರ್ಷದ ಯಾವ ತಿಂಗಳಲ್ಲಿ ಬಿತ್ತಿದರೂ ಕಾಯಿ ಬಿಡುವ ಅವರೆಗಾಗಿ ನಾವು ದುಡಿದೆವು. ಕೊನೆಗೆ ಎರಡು ತಳಿ ಉಳಿದವು, ಹದಿನೇಳನೇ ನಂಬರು ಮತ್ತು ಒಂಬತ್ತನೇ ನಂಬರು. ಬಿಡುಗಡೆ ಮಾಡಲು ಅವಕಾಶವಿದ್ದದ್ದು ಒಂದಕ್ಕೆ. ಇಳುವರಿ ಹೆಚ್ಚುಕಡಿಮೆ ಸಮ. ಗಣಿತ ಕೈಚೆಲ್ಲಿದ ಮೇಲೆ ನಾನು ಅಮ್ಮನ ಗುಡಿಗೆ ಹೋಗಿ ಹೂ ಕೇಳಿದೆ, ಅಮ್ಮ ಬಲಗಡೆ ಕೊಟ್ಟಳು, ಆ ಹದಿನೇಳೇ ನೀವೆಲ್ಲ ಇವತ್ತು ವರ್ಷವಿಡೀ ತಿನ್ನುವ ‘ಬನಶ್ರೀ’ ಅವರೆ ಎಂದು ಕೈಮುಗಿದೆ. ಚಪ್ಪಾಳೆ ಬಿತ್ತು. ಮೊದಲ ಸಾಲಿನಲ್ಲಿ ಕೂತಿದ್ದ ನನ್ನ ಗಂಡ ಕಿಟ್ಟಿ ಮಾತ್ರ ಕೈಕಟ್ಟಿಕೊಂಡೇ ಇದ್ದರು. ಈ ವಿಷಯದಲ್ಲಿ ಅವರದು ಒಂದೇ ಮಾತು: “ನಿನ್ನ ಅವರೆ ಬೇಯೋದೇನೋ ಬೇಯತ್ತೆ ಕಣೇ, ಸೊಗಡು ಮಾತ್ರ ಭಾಷಣದಲ್ಲೇ ಇರೋದು.”

ಅವರು ಹೇಳುವುದು ತಮಾಷೆಗೆ, ಆದರೆ ಸುಳ್ಳಲ್ಲ. ಸೊಗಡು ಎಂದರೆ ಹಳೆಯ ಅವರೆಕಾಯಿಯ ಸಿಪ್ಪೆಯಲ್ಲಿ ಇಬ್ಬನಿ ಬಿದ್ದರೆ ಏರುವ ಆ ಜಿಗುಟು ಪರಿಮಳ. ಕಾಯಿ ಸುಲಿದವರ ಬೆರಳಿಗೆ ಅಂಟಿಕೊಂಡರೆ ಸೋಪು ಹಾಕಿ ತೊಳೆದರೂ ಹೋಗುತ್ತಿರಲಿಲ್ಲ. ನನ್ನ ಬನಶ್ರೀಗೆ ಅದಿಲ್ಲ.

ಸಭೆ ಮುಗಿದು ವಡೆ ಕಾಫಿ ನಡೆಯುವಾಗ ಇಪ್ಪತ್ತೆಂಟು ಮೂವತ್ತರ ಒಬ್ಬ ಹುಡುಗಿ ಬಂದು ಕಾಲಿಗೆ ನಮಸ್ಕಾರ ಮಾಡಿದಳು. ಹೆಸರು ಸಂಹಿತಾ, ನಾನು ಬಿಟ್ಟುಬಂದ ಸಂಶೋಧನಾ ಕೇಂದ್ರದಲ್ಲೇ, ನಾನು ಬಿಟ್ಟುಬಂದ ಅವರೆಯ ಮೇಲೆಯೇ ಕೆಲಸ ಮಾಡುತ್ತಿದ್ದಾಳೆ.

“ತುಂಬಾ ಚೆನ್ನಾಗಿತ್ತು ಮೇಡಂ. ಒಂದೇ ಡೌಟು. ಎಡಗಡೆ ಇದ್ದಿದ್ದು ಏನಾಯ್ತು?”

ಇಪ್ಪತ್ತೆರಡು ವರ್ಷಗಳಲ್ಲಿ ನೂರು ಸಭೆಗಳಲ್ಲಿ ಒಬ್ಬರೂ ಈ ಪ್ರಶ್ನೆ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಹೆಗಲ ಮೇಲಿನ ಹೊಸ ಶಾಲು ಸರಿಮಾಡಿಕೊಂಡೆ.

“ಯಾಕೆ ಕೇಳ್ತಿದೀಯ?”

“ಹಳೇ ಫೀಲ್ಡ್ ಬುಕ್ ನೋಡ್ತಿದ್ದೆ ಮೇಡಂ. ಒಂಬತ್ತರ ಮುಂದೆ ನಿಮ್ಮ ಕೈಬರಹದಲ್ಲೇ ಇದೆ, ‘ಏಪ್ರಿಲ್‌ನಲ್ಲೂ ಕಾಯಿ, ಸೊಗಡು ಪೂರ್ತಿ’ ಅಂತ. ಎರಡೂ ಒಂದೇ ಗಿಡದಲ್ಲಿ! ನಾವು ಈಗ ಅದನ್ನೇ ಮಾಡಕ್ಕೆ ಒದ್ದಾಡ್ತಿದೀವಿ. ಅದೊಂದು ಸಿಕ್ಬಿಟ್ರೆ ಎಂಟು ವರ್ಷದ ಕೆಲಸ ಉಳಿಯತ್ತೆ. ಕೋಲ್ಡ್ ಸ್ಟೋರೇಜಲ್ಲಿ ಹುಡುಕಿದೆ. ರಿಜಿಸ್ಟರಲ್ಲಿ ‘ತೆಗೆದುಹಾಕಿದೆ’ ಅಂತಿದೆ. ಸೈನು ನಿಮ್ದು.”

“ಜಾಗ ಇರ್ಲಿಲ್ಲಮ್ಮ ಆಗ,” ಎಂದೆ. ಹನ್ನೆರಡು ಪೊಟ್ಟಣಗಳಿಗೆ ಎಷ್ಟು ಜಾಗ ಬೇಕು? ಅವಳು ಅದನ್ನು ಕೇಳಲಿಲ್ಲ, ಹಿರಿಯರೆಂದು ಸುಮ್ಮನಾದಳು.

“ಆಯ್ಕೆ ಮಾಡಿದೋರು ಮುನಿಯಣ್ಣ ಅಂತಿದೆ ಮೇಡಂ. ಅವರು ಇದಾರಾ? ಅವರ ಮನೇಲೇನಾದ್ರೂ ಒಂದು ಹಿಡಿ ಉಳಿದಿದ್ರೆ?”

ಗೊತ್ತಿಲ್ಲ ಎಂದುಬಿಡಬಹುದಿತ್ತು. ಆದರೆ ನನಗೂ ಆಸೆಯಾಯಿತು. ಮುನಿಯಣ್ಣನ ಮನೆಯಲ್ಲಿ ಒಂದು ಹಿಡಿ ಬೀಜ ಉಳಿದಿದ್ದರೆ, ನಾನು ಮಾಡಿದ್ದು ಅಳಿಸಿಹೋಗುತ್ತದೆ, ಯಾರಿಗೂ ಏನೂ ಹೇಳಬೇಕಾಗಿಲ್ಲ ಎಂಬ ಆಸೆ. “ವಸಂತಪುರದಲ್ಲಿದಾರೆ. ಬುಧವಾರ ಹೋಗೋಣ,” ಎಂದೆ.

ನಾನು ಏನು ಮಾಡಿದ್ದೆ ಎಂಬುದನ್ನು ಇಲ್ಲಿಯಾದರೂ ನೆಟ್ಟಗೆ ಹೇಳುತ್ತೇನೆ.

ಮುನಿಯಣ್ಣ ನಮ್ಮ ಪ್ರಯೋಗದ ಹೊಲದ ಮೇಸ್ತ್ರಿ. ನನಗಿಂತ ಮೂರು ವರ್ಷ ದೊಡ್ಡವರು, ಓದಿದ್ದು ನಾಲ್ಕನೇ ಕ್ಲಾಸು. ಬಿತ್ತನೆಯಿಂದ ಕೊಯ್ಲಿನವರೆಗೆ ಆ ಹೊಲದಲ್ಲಿ ಅವರಿಗೆ ತಿಳಿಯದೆ ಒಂದು ಎಲೆ ಅಲ್ಲಾಡುತ್ತಿರಲಿಲ್ಲ. ನಾನು ಇಳುವರಿ ತೂಗುತ್ತಿದ್ದೆ, ಅವರು ಕಾಯಿಯನ್ನು ಎರಡು ಬೆರಳಲ್ಲಿ ಉಜ್ಜಿ ಮೂಸುತ್ತಿದ್ದರು. ಒಂದು ಏಪ್ರಿಲಿನ ಬಿಸಿಲಲ್ಲಿ ಬದುವಿನ ಸಾಲಿನ ಒಂದು ಗಿಡಕ್ಕೆ ಕೆಂಪು ಬಟ್ಟೆಯ ಚೂರು ಕಟ್ಟಿ ನನ್ನನ್ನು ಕೂಗಿದರು. ಆ ಬೇಸಗೆಯಲ್ಲಿ, ಇಬ್ಬನಿಯ ಸುಳಿವೇ ಇಲ್ಲದ ಕಾಲದಲ್ಲಿ, ಆ ಗಿಡದ ಕಾಯಿ ಕೈಗೆ ಅಂಟುವಷ್ಟು ಸೊಗಡು ಬಿಟ್ಟಿತ್ತು. “ಅಮ್ಮನೇ ಕೈಹಿಡ್ದು ತೋರ್ಸಿದ್ಲು ಮೇಡಂ,” ಎಂದರು. ಅದೇ ಒಂಬತ್ತನೇ ನಂಬರು.

ಹದಿನೇಳು ನನ್ನದು. ಹನ್ನೆರಡು ವರ್ಷ ನಾನೇ ಮೊಗ್ಗು ಬಿಡಿಸಿ, ನಾಮ ಹೇಳಿ, ಕೂಡಿಸಿ, ಸೋಸಿ ತಂದದ್ದು. ಸೊಗಡು ಇರಲಿಲ್ಲ. ನನಗದು ಗೊತ್ತಿತ್ತು. ಇಳುವರಿಯಲ್ಲಿ ಒಂದು ಕೂದಲೆಳೆ ಮುಂದಿತ್ತು, ಅದು ಲೆಕ್ಕಕ್ಕೆ ಬರುವಂಥದ್ದಲ್ಲ ಎಂದೂ ಗೊತ್ತಿತ್ತು. ಸಮಿತಿಯವರು ಎರಡರಲ್ಲಿ ಒಂದನ್ನು ನೀವೇ ಆರಿಸಿ ಎಂದು ನನಗೆ ಬಿಟ್ಟರು. ನನ್ನ ಹನ್ನೆರಡು ವರ್ಷ ಒಂದು ಕಡೆ, ಮುನಿಯಣ್ಣನ ಮೂಗು ಇನ್ನೊಂದು ಕಡೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ನನ್ನದು, ಆದರೆ ಹಾಗೆಂದು ಅವರ ಮುಖ ನೋಡಿ ಹೇಳುವ ಧೈರ್ಯವಿರಲಿಲ್ಲ. ಅಮ್ಮನನ್ನೇ ಕೇಳೋಣ ಎಂದೆ.

ವಸಂತಪುರದ ಅಂಚಿನಲ್ಲಿ ಬನದಮ್ಮನ ಗುಡಿ, ಆಗ ಒಂದು ಕೋಣೆಯಷ್ಟು ದೊಡ್ಡದು. ಮುನಿಯಣ್ಣನ ಮನೆಯವರು ತಲೆಮಾರುಗಳಿಂದ ಶುಕ್ರವಾರದ ದೀಪ ಹಚ್ಚುತ್ತಿದ್ದ ಗುಡಿ. ನನಗೆ ಅವಳೂ ಬನಶಂಕರಿಯೇ. ಅಲ್ಲಿ ಹೂ ಕೇಳುವ ಕ್ರಮ ಹೀಗೆ: ಪೂಜಾರಿ ಅಮ್ಮನ ಎರಡು ಭುಜಕ್ಕೂ ಒದ್ದೆ ಸೇವಂತಿಗೆ ಅಂಟಿಸುತ್ತಾರೆ. ಕೇಳುವವರು ಪ್ರಶ್ನೆಯನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಕೂರಬೇಕು. ಯಾವ ಕಡೆಯ ಹೂ ಮೊದಲು ಬೀಳುತ್ತದೋ ಅದು ಅಮ್ಮನ ಮಾತು.

ಮಂಗಳವಾರ ಬೆಳಗ್ಗೆ ಇಬ್ಬರೂ ಹೋದೆವು. ಮುನಿಯಣ್ಣ ಒಳಗೆ ಬರಲಿಲ್ಲ. “ನಾನು ಎದುರಿಗಿದ್ರೆ ನಂಗೇ ಆಗ್ಲಿ ಅಂತ ಆಸೆ ಪಡ್ತೀನಿ ಮೇಡಂ. ಅದು ತಪ್ಪು. ನೀವೇ ಕೇಳ್ಬುಡಿ. ನಿಮ್ದು ಬಲ, ನಂದು ಎಡ. ದೊಡ್ಡೋರಿಗೆ ಬಲ ಇರ್ಲಿ,” ಎಂದು ಹೊರಗೆ ಬೇವಿನ ಮರದ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂತರು.

ಪೂಜಾರಿ ಚಿದಾನಂದ್ ಅವರು ಹೂ ಅಂಟಿಸಿ ಗಾಳಿ ಬಾರದಂತೆ ಬಾಗಿಲು ಮುಚ್ಚಿದರು. ನಾನು ಕಣ್ಣು ಮುಚ್ಚಲಿಲ್ಲ. ಐದು ನಿಮಿಷವೂ ಆಗಿರಲಿಲ್ಲ, ಎಡಭುಜದ ಹೂ ಜಾರಿ ಅಮ್ಮನ ಪಾದದ ಮೇಲೆ ಬಿತ್ತು.

“ಎಡ ಆಯ್ತಮ್ಮ,” ಎಂದರು ಚಿದಾನಂದ್.

“ಮನಸ್ಸು ಎಲ್ಲೋ ಹೋಗಿತ್ತು. ಇನ್ನೊಂದು ಸಲ ಇಡಿ,” ಎಂದೆ.

“ಎರಡು ಸಲ ಕೇಳೋ ಪದ್ಧತಿ ಇಲ್ಲಮ್ಮ. ನೀವು ತಿಳಿದೋರು…” ಎಂದು ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ಇಟ್ಟರು.

ಆ ಎರಡನೇ ಹೂಗಳಿಗೆ ಕಾಯುತ್ತ ನನಗೆ ನಾನೇ ಹೇಳಿಕೊಂಡದ್ದು ಚೆನ್ನಾಗಿ ನೆನಪಿದೆ. ಹೊಲದಲ್ಲಿ ಒಂದೇ ತಾಕಿನಲ್ಲಿ ಬೆಳೆದದ್ದನ್ನು ನಾವು ನಂಬುವುದಿಲ್ಲ. ಕನಿಷ್ಠ ಮೂರು ತಾಕಿನಲ್ಲಿ ಬೆಳೆದು ನೋಡುತ್ತೇವೆ. ದೇವಿಯನ್ನಾದರೂ ಒಂದೇ ಸಲ ಕೇಳಿ ನಂಬುವುದು ವಿಜ್ಞಾನವಲ್ಲ ಎಂದುಕೊಂಡೆ. ಎಂಥ ಜಾಣತನ! ಈ ಸಲ ಬಲಭುಜದ ಹೂ ಬಿತ್ತು. ಒಂದು ಎಡ, ಒಂದು ಬಲ. ನನ್ನ ವಿಜ್ಞಾನದ ಪ್ರಕಾರವೇ ಮೂರನೇ ಸಲ ಕೇಳಬೇಕಿತ್ತು. ಕೇಳಲಿಲ್ಲ. ಬಿದ್ದ ಹೂ ಎತ್ತಿ ಮುಡಿದುಕೊಂಡು ಹೊರಗೆ ಬಂದೆ. ದೇವಿಗೂ ಮೋಸ, ವಿಜ್ಞಾನಕ್ಕೂ ಮೋಸ.

“ಬಲ ಆಯ್ತು ಮುನಿಯಣ್ಣ,” ಎಂದೆ. ಸುಳ್ಳಲ್ಲ ನೋಡಿ, ಆಗಿದ್ದು ಬಲವೇ.

ಮುನಿಯಣ್ಣ ಎದ್ದರು. ಗುಡಿಯ ಬಾಗಿಲ ಕಡೆ ನೋಡಿದರು. ನನಗೆ ಕೈಮುಗಿದು, “ಅಮ್ಮನ ಇಷ್ಟ ಮೇಡಂ,” ಎಂದರು. ಆಮೇಲೆ ಐದು ವರ್ಷ ನನ್ನ ಕೈಕೆಳಗೇ ದುಡಿದು ನಿವೃತ್ತರಾದರು. ಬೇರೆ ಯಾವ ಗಿಡಕ್ಕೂ ಬಟ್ಟೆ ಕಟ್ಟಲಿಲ್ಲ. ನಾನು ಯಾಕೆಂದು ಕೇಳಲೂ ಇಲ್ಲ. ನನ್ನ ಮಗಳ ಮದುವೆಗೆ ಬಂದು ಮೂರು ದಿನ ಅಡುಗೆಯವರ ಜೊತೆ ನಿಂತರು. ಕಿಟ್ಟಿಗೆ ಬೈಪಾಸ್ ಆದಾಗ ಆಸ್ಪತ್ರೆಯ ಮೆಟ್ಟಿಲ ಮೇಲೆ ಕಾದು ಕೂತರು. ನಾನು ಹದಿನೇಳಕ್ಕೆ ದೇವಿಯ ಹೆಸರಿಟ್ಟೆ. ಮರುವರ್ಷ ಒಂಬತ್ತರ ಪೊಟ್ಟಣಗಳನ್ನು ಎಸೆಯಲು ಸಹಿ ಹಾಕಿದೆ, ಯಾಕೆಂದರೆ ಕೋಲ್ಡ್ ಸ್ಟೋರೇಜಿಗೆ ಹೋದಾಗಲೆಲ್ಲ ಅವು ಕಣ್ಣಿಗೆ ಬೀಳುತ್ತಿದ್ದವು. ಚಿದಾನಂದ್ ತೀರಿಕೊಂಡು ಹತ್ತು ವರ್ಷವಾಯಿತು. ಆ ಮೊದಲ ಹೂ ಕಂಡವರಲ್ಲಿ ಈಗ ಉಳಿದಿರುವುದು ನಾನೊಬ್ಬಳೇ.

ಬುಧವಾರ ಬೆಳಗ್ಗೆ ಸಂಹಿತಾ ಕಾರು ತಂದಳು. ಕನಕಪುರ ರಸ್ತೆಯ ಟ್ರಾಫಿಕ್ಕಿನಲ್ಲಿ ಅವಳು ಒಂಬತ್ತರ ಬಗ್ಗೆಯೇ ಮಾತಾಡುತ್ತಿದ್ದಳು. ಒಂದು ಹಿಡಿ ಸಿಕ್ಕರೆ ಸಾಕು, ಹತ್ತು ಕಾಳು ಸಿಕ್ಕರೂ ಸಾಕು, ಹಳೆಯ ಕಾಳಾದರೂ ಲ್ಯಾಬಿನಲ್ಲಿ ಮೊಳಕೆ ಬರಿಸುತ್ತೇನೆ ಎನ್ನುತ್ತಿದ್ದಳು. ಆ ಉತ್ಸಾಹ ನನಗೆ ಪರಿಚಯದ್ದು. ಬನದಮ್ಮನ ಗುಡಿ ಈಗ ಗ್ರಾನೈಟು ಹಾಕಿಸಿಕೊಂಡು ಎರಡು ಅಪಾರ್ಟ್‌ಮೆಂಟುಗಳ ನಡುವೆ ನಿಂತಿದೆ.

“ಮೇಡಂ, ಹೂ ಕೇಳಿದ್ದು ಇದೇ ಗುಡೀನಾ? ಇಳಿದು ಕೈಮುಗಿಯೋಣ್ವಾ?”

“ಬೇಡ, ಮುಂದೆ ಹೋಗು. ತಡ ಆಗತ್ತೆ,” ಎಂದೆ. ತಡವಾಗುವಂಥದ್ದು ಏನೂ ಇರಲಿಲ್ಲ.

ಮುನಿಯಣ್ಣನ ಮನೆ ಈಗ ಮೂರಂತಸ್ತು. ಮೇಲೆಲ್ಲ ಬಾಡಿಗೆಯವರು, ಕೆಳಗೆ ಇವರು, ಮಗ, ಸೊಸೆ. ಮಂಡಿನೋವಿನಿಂದ ಅವರು ನಡೆಯುವುದು ನಿಧಾನವಾಗಿತ್ತು. ನನ್ನನ್ನು ಕಂಡದ್ದೇ ಹೆಗಲ ಟವೆಲ್ ತೆಗೆದು ಕುರ್ಚಿ ಒರೆಸಿದರು. “ಫೋನ್ ಮಾಡಿದ್ರೆ ನಾನೇ ಬತ್ತಿರ್ಲಿಲ್ವಾ ಮೇಡಂ? ನೀವ್ಯಾಕೆ ಬರಾಕ್ ಹೋದ್ರಿ? ಕುಂತ್ಕಳಿ, ಕುಂತ್ಕಳಿ.” ಗೋಡೆಯ ಮೇಲೆ ಅವರ ಹೆಂಡತಿಯ ಫೋಟೋ, ಪ್ಲಾಸ್ಟಿಕ್ ಹಾರ. ಆಕೆ ತೀರಿಕೊಂಡು ಆರು ವರ್ಷ.

ಸಂಹಿತಾ ತಡಮಾಡಲಿಲ್ಲ. “ತಾತ, ಒಂಬತ್ತನೇ ನಂಬರ್ ಅವರೆ ನೆನಪಿದ್ಯಾ ನಿಮ್ಗೆ?”

ಮುನಿಯಣ್ಣ ನಕ್ಕರು. “ಹೆತ್ತ ಮಗೀನ್ ಹೆಸ್ರು ಮರೀತಾರಾ ಮಗ್ಳೇ?”

“ಅದರ ಬೀಜ ಏನಾದ್ರೂ ಇಟ್ಟಿದೀರಾ? ಒಂದು ಹತ್ತು ಕಾಳು?”

ಅವರು ನನ್ನ ಕಡೆ ನೋಡಿದರು. ನಾನೇ ಕೇಳಲು ಕಳಿಸಿದೆನೋ ಎಂಬಂತೆ.

“ಎಲ್ಲಿಂದ ಇರ್ತದೆ? ಇದೇ ಮನೆ ಇರೋ ಜಾಗ, ಆಗ ಹಿತ್ಲು. ಆರು ಸಾಲು ಬೀಜಕ್ಕೆ ಅಂತ ಬಿಟ್ಟಿದ್ದೆ. ಕಾಯಿ ಇನ್ನೂ ಹಸಿ. ಅಮ್ಮ ಬ್ಯಾಡ ಅಂದ್ಲಲ್ಲ, ಅವತ್ತೇ ಬಂದು ಅಷ್ಟೂ ಕಿತ್ತೆ. ಗಿಡಾನೂ ಬೇರ್ ಸಮೇತ ಕಿತ್ತು ಹಸೂಗೆ ಹಾಕ್ದೆ. ಗಡಿಗೇಲಿ ಬೂದಿ ಬೆರ್ಸಿ ಎರಡು ಸೇರು ಇಟ್ಟಿದ್ದೆ, ಅದನ್ನೂ ನೆನೆಹಾಕು ಅಂತ ಇವಳಿಗೆ ಕೊಟ್ಟೆ.” ಫೋಟೋ ಕಡೆ ಕೈ ತೋರಿಸಿದರು. “ಬಿತ್ನೆ ಬೀಜ ಕಣಯ್ಯಾ, ಸಾರಿಗೆ ಹಾಕ್ತಾರಾ ಅಂತ ಬೈದ್ಲು. ಅಮ್ಮ ಒಲ್ಲೆ ಅಂದಿದ್ದು ಮನೇಲಿ ಇರ್ಬಾರ್ದು, ಮಾಡು ಅಂದೆ. ಹಿತಕಿ ಸಾರು ಮಾಡಿದ್ಲು. ಬೀದಿಯೋರೆಲ್ಲ ಏನಮ್ಮೀ ಈ ಘಮಲು ಅಂತ ಬಟ್ಲು ಹಿಡ್ಕೊಂಡು ಬಂದ್ರು. ಮಕ್ಳು ಮಡಕೆ ಬಳ್ಕೊಂಡು ತಿಂದ್ವು.”

“ನೀವು?” ಎಂದಳು ಸಂಹಿತಾ.

“ನಂಗೆ ಗಂಟ್ಲಲ್ಲಿ ಇಳೀಲಿಲ್ಲ.”

ಸಂಹಿತಾ ಬರೆದುಕೊಳ್ಳಲು ತೆರೆದಿದ್ದ ಪುಸ್ತಕವನ್ನು ಹಾಗೇ ಮುಚ್ಚಿದಳು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ಇಲ್ಲಿ ಅಟ್ಟು ಉಂಡೂ ಆಗಿತ್ತು. ಬೀಜವೊಂದು ಸಿಕ್ಕಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡು ನಾನು ಬಂದಿದ್ದೆ.

ಅಲ್ಲಿಗೆ ಎದ್ದುಬಿಡಬಹುದಿತ್ತು. ಆದರೆ ಸಂಹಿತಾ ಆ ಮುದುಕರ ಮುಖ ನೋಡಿ ಮೆಲ್ಲಗೆ ಕೇಳಿದಳು, “ತುಂಬಾ ಬೇಜಾರಾಗಿರ್ಬೇಕಲ್ವಾ ತಾತ, ದೇವರು ಹಾಗಂದಾಗ?”

“ಬೇಜಾರಾ?” ಮುನಿಯಣ್ಣ ಟವೆಲನ್ನು ಮಡಿಚಿದರು, ಬಿಚ್ಚಿದರು. “ಅವತ್ತಿಂದ ನಾನು ಆ ಗುಡಿ ಮೆಟ್ಲು ಹತ್ತಿಲ್ಲ ಮಗ್ಳೇ.”

ನನಗೆ ಇದು ಗೊತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ನಮ್ಮ ಮನೆಗೆ ಬಂದುಹೋಗಿ ಮಾಡಿದ ಮನುಷ್ಯ ನನ್ನ ಹತ್ತಿರ ಇದನ್ನು ಒಮ್ಮೆಯೂ ಹೇಳಿರಲಿಲ್ಲ.

“ನಮ್ಮ ತಾತ, ನಮ್ಮಪ್ಪ, ನಾನು, ಎಲ್ರೂ ದೀಪ ಹಚ್ಚಿದ ಗುಡಿ ಅದು. ವರ್ಷದ ಮೊದಲ್ನೇ ಕಾಯಿ ಅವಳ ಪಾದಕ್ಕಿಡದೆ ಒಂದು ಕಾಳು ಬಾಯಿಗೆ ಹಾಕಿದೋರಲ್ಲ ನಾವು. ಆ ಗಿಡ ತೋರ್ಸಿದೋಳು ಅವಳೇ. ತೋರ್ಸಿದೋಳೇ ನಿಂದು ಬ್ಯಾಡ ಕಣೋ ಅಂದ್ರೆ? ಮೇಡಂ ಬ್ಯಾಡ ಅಂದಿದ್ರೆ ನಾನು ಜಗಳ ಆಡ್ತಿದ್ದೆ. ಮೇಡಂ ಪಾಪ, ನನ್ನಂಥ ಕೂಲಿಯೋನ್ ಮಾತಿಗೂ ಬೆಲೆ ಕೊಟ್ಟು ನ್ಯಾಯವಾಗಿ ಹೂ ಕೇಳಿದ್ರು. ಅವರದೇನ್ ತಪ್ಪದೆ? ಅಮ್ಮನ ಜೊತೆ ಹೆಂಗ್ ಜಗಳ ಆಡದು? ಮಾತು ಬಿಟ್ಟೆ.”

ಸೊಸೆ ಕಾಫಿ ತಂದಿಟ್ಟು ಒಳಗೆ ಹೋದಳು. ಮುನಿಯಣ್ಣ ಮುಂದುವರಿಸಿದರು.

“ಇವಳಿಗೆ ಕ್ಯಾನ್ಸರ್ ಆಯ್ತಲ್ಲ, ಕೊನೇಗೆ ಒಂದ್ಸಲ ಅಮ್ಮನ ನೋಡ್ಬೇಕು, ನೀನೂ ಬಾ, ಇಬ್ರೂ ಜೊತೇಗೆ ನಿಂತ್ಕಳ್ಳೋಣ ಅಂದ್ಲು. ಮಗನ ಜೊತೆ ಕಳಿಸ್ದೆ. ಗುಡಿ ಬಾಗ್ಲಲ್ಲಿ ಮಧ್ಯಾಹ್ನದ ತನಕ ಕೂತಿದ್ಲಂತೆ, ನಾನು ಬಂದೇ ಬತ್ತೀನಿ ಅಂತ. ನಾನು ಹೋಗ್ಲಿಲ್ಲ. ಮೂರ್ನೇ ದಿನ ಹೋಗ್ಬುಟ್ಲು.”

ಈಗಲೂ ನನಗೆ ಸುಮ್ಮನಿರುವ ದಾರಿಯಿತ್ತು. ಬೀಜ ಹೋಗಿತ್ತು, ನಾನು ಬಾಯಿಬಿಟ್ಟರೆ ಒಂದು ಕಾಳೂ ತಿರುಗಿ ಬರುವುದಿಲ್ಲ. ಕಂಡವರು ಯಾರೂ ಉಳಿದಿಲ್ಲ. ಈ ಹುಡುಗಿ ನಾಳೆ ಹೋಗಿ ಕೇಂದ್ರದಲ್ಲೆಲ್ಲ ಹೇಳಿದರೆ ಬನಶ್ರೀಯ ಹೆಸರೂ ಹೋಗುತ್ತದೆ, ನನ್ನದೂ ಹೋಗುತ್ತದೆ. ಇದನ್ನೆಲ್ಲ ಅಲ್ಲೇ ಕೂತು ತೂಗಿ ನೋಡಿದೆ, ನಾಚಿಕೆಯಿಲ್ಲದೆ. ಆದರೆ ‘ನ್ಯಾಯವಾಗಿ’ ಎಂದಿದ್ದರಲ್ಲ, ಆ ಒಂದು ಮಾತನ್ನು ನುಂಗಿಕೊಂಡು ಅವರ ಮನೆಯ ಕಾಫಿ ಕುಡಿಯುವುದು ನನ್ನಿಂದ ಆಗಲಿಲ್ಲ.

“ಮುನಿಯಣ್ಣ, ನಾನು ನ್ಯಾಯವಾಗಿ ಕೇಳಲಿಲ್ಲ,” ಎಂದೆ. “ಎರಡು ಸಲ ಕೇಳಿದೆ. ಮೊದಲನೇ ಸಲ ಎಡಗಡೆ ಬಿತ್ತು. ನನಗೆ ಬೇಕಾದ್ದು ಬರಲಿಲ್ಲ ಅಂತ ಪೂಜಾರಿಗಳ ಹತ್ತಿರ ಸುಳ್ಳು ಹೇಳಿ ಮತ್ತೆ ಇಡಿಸಿದೆ. ಆಮೇಲೆ ಬಲ ಬಿತ್ತು. ನಿಮಗೆ ಅದನ್ನ ಮಾತ್ರ ಹೇಳಿದೆ.”

ಸಂಹಿತಾಳ ಕಡೆ ನಾನು ನೋಡಲಿಲ್ಲ. ಅವಳ ಬಳೆಯ ಸದ್ದು ನಿಂತದ್ದು ಮಾತ್ರ ಗೊತ್ತಾಯಿತು.

ಮೇಲಿನ ಮನೆಯಲ್ಲಿ ಯಾರೋ ಮಿಕ್ಸಿ ಹಾಕಿದರು, ನಿಲ್ಲಿಸಿದರು. ಬೈಗುಳಕ್ಕೆ ನಾನು ತಯಾರಾಗಿದ್ದೆ. ಬೈದರೆ ಒಳ್ಳೆಯದು ಎನಿಸಿತ್ತು.

“ಮೊದಲ್ನೇ ಸಲ ಎಡಾನಾ?”

“ಎಡ.”

“ಗಾಳಿಗೀಳಿ ಏನಾರ ಬೀಸಿತ್ತಾ?”

“ಇಲ್ಲ. ಬಾಗಿಲು ಮುಚ್ಚಿತ್ತು. ಅಮ್ಮ ಕೊಟ್ಟಿದ್ದೇ.”

“ಹಂಗಾರೆ… ಅವಳು ನಂದೇ ಅಂದಿದ್ಲು.”

“ಹೌದು. ನಿಮ್ದೇ ಅಂದಿದ್ಲು.”

ಅವರು ಟವೆಲಿನಲ್ಲಿ ಮುಖ ಮುಚ್ಚಿಕೊಂಡರು. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾರೆ ಎಂದುಕೊಂಡೆ, ಅಳುತ್ತಲೇ ಇದ್ದರು, ಆದರೆ ಟವೆಲ್ ಇಳಿಸಿದಾಗ ಆ ಒದ್ದೆ ಮುಖದಲ್ಲಿ ನಾನು ಎಂದೂ ಕಾಣದಂಥ ಒಂದು ನಗೆಯಿತ್ತು. ಫೋಟೋ ಕಡೆ ತಿರುಗಿ, “ಕೇಳಿಸ್ತೇನಮ್ಮೀ? ನಂದೇ ಅಂದಿದ್ಲಂತೆ ಕಣೆ!” ಎಂದರು. ಅಷ್ಟರಲ್ಲೇ ಆ ನಗೆ ಬಾಡಿತು. ಆಕೆ ಗುಡಿಯ ಬಾಗಿಲಲ್ಲಿ ಕಾದು ಕೂತದ್ದು ಅವರಿಗೆ ಆಗ ನೆನಪಾಗಿರಬೇಕು.

ಒಳಗೆ ತಿರುಗಿ ಸೊಸೆಯನ್ನು ಕೂಗಿದರು. “ನೀರು ಕಾಯ್ಸವ್ವ, ಮೈ ತೊಳೀಬೇಕು. ಬಿಳೀ ಪಂಚೆ ತೆಗ್ದಿಡು.”

“ಈಗ ಎಲ್ಲಿಗೆ ಮಾವ?”

“ಗುಡೀಗೆ.”

ಸೊಸೆ ಬಾಗಿಲಿಗೆ ಬಂದು ನಿಂತು ನಮ್ಮೆಲ್ಲರ ಮುಖವನ್ನೂ ಒಂದೊಂದಾಗಿ ನೋಡಿದಳು. ನಾನು ಎದ್ದು ನಿಂತೆ. ಇಷ್ಟು ವರ್ಷದ ಭಾರ ಇಳಿಸಲು ಒಂದು ದಾರಿ ಕಂಡಿತು ಎನಿಸಿತು. “ನಾನೂ ಬರ್ತೀನಿ ಮುನಿಯಣ್ಣ. ಅಮ್ಮನ ಎದುರಿಗೇ ತಪ್ಪೊಪ್ಪಿಕೊಳ್ತೀನಿ,” ಎಂದೆ.

ಅವರು ಗೋಡೆ ಹಿಡಿದುಕೊಂಡು ಎದ್ದರು. ಆಗ ನನ್ನ ಕಡೆ ನೋಡಿದರು. ಕೋಪವಿರಲಿಲ್ಲ. ಪರಿಚಯವಿಲ್ಲದವರನ್ನು ನೋಡುವ ಹಾಗಿತ್ತು.

“ನೀವು ಬ್ಯಾಡಿ ಮೇಡಂ. ಏನೂ ತಪ್ಪು ಮಾಡದೋಳನ್ನ ಇಷ್ಟು ವರ್ಷ ಮನಸ್ನಲ್ಲೇ ಬೈಕೊಂಡಿದೀನಿ. ನಾನು ಅವಳ ಕಾಲು ಹಿಡೀಬೇಕು. ನಿಮ್ಮನ್ನ ಪಕ್ಕದಲ್ಲಿ ನಿಲ್ಲಿಸ್ಕೊಂಡು ಹಿಡಿಯಾಕಾಗಲ್ಲ.”

ನಿಧಾನವಾಗಿ ಒಳಗೆ ಹೋದರು. ಕಾಫಿ ಲೋಟಗಳು ತುಂಬಿದಂತೆಯೇ ಇದ್ದವು. ನಾನು ಯಾವಾಗ ಬಂದರೂ ಕಾರಿನವರೆಗೆ ಬಂದು, ಬಾಗಿಲು ತೆಗೆದು, ಹತ್ತಿಸಿ, ಕಾರು ತಿರುವು ದಾಟುವವರೆಗೆ ನಿಲ್ಲುತ್ತಿದ್ದ ಮನುಷ್ಯ ಅವರು. ನಾವು ಹೊರಗೆ ಬರುವಾಗ ಬಚ್ಚಲಿನಿಂದ ನೀರು ಸುರಿದುಕೊಳ್ಳುವ ಸದ್ದು ಕೇಳುತ್ತಿತ್ತು. ನಡುನಡುವೆ ಅವರು ಅಮ್ಮಾ, ಅಮ್ಮಾ ಎನ್ನುತ್ತಿದ್ದರು. ಸೊಸೆ ನಮ್ಮ ಹಿಂದೆಯೇ ಬಂದು ಗೇಟು ಹಾಕಿಕೊಂಡಳು.

ಕಾರಿನಲ್ಲಿ ಸಂಹಿತಾ ಕೀಲಿ ತಿರುಗಿಸದೆ ಕೂತಳು. ನನ್ನನ್ನು ನೋಡಲಿಲ್ಲ. ಸ್ಟಿಯರಿಂಗ್ ನೋಡುತ್ತಲೇ ಕೇಳಿದಳು, “ಮೇಡಂ, ಅವರ ಹತ್ರ ಕ್ಷಮೆ ಕೇಳಿದ್ರಾ ನೀವು?”

ಕೇಳಿದೆ ಎನ್ನಲು ಬಾಯಿ ತೆರೆದೆ. ಹೇಳಿದ ಮಾತುಗಳನ್ನೆಲ್ಲ ಒಂದೊಂದಾಗಿ ನೆನೆಸಿಕೊಂಡೆ. ಎರಡು ಸಲ ಕೇಳಿದೆ ಎಂದಿದ್ದೆ. ಸುಳ್ಳು ಹೇಳಿದೆ ಎಂದಿದ್ದೆ. ಅಮ್ಮನ ಎದುರಿಗೆ ತಪ್ಪೊಪ್ಪಿಕೊಳ್ಳುತ್ತೇನೆ ಎಂದೂ ಅಂದಿದ್ದೆ. ಎದುರಿಗೆ ಕೂತಿದ್ದ ಮುನಿಯಣ್ಣನ ಹತ್ತಿರ ಕ್ಷಮೆ ಕೇಳಿರಲಿಲ್ಲ.